ಕೋವಿಯ ಮರ, ತೊಗಲು, ರಿವೆಟ್ಟು: ದುರಸ್ತಿಯನ್ನು ಆಧಾರವಾಗಿ ಓದುವ ವಿಚಾರ

ತಾಮ್ರಶಾಸನವೊಂದನ್ನು ಪ್ರಕಟಿಸುವ ವಿದ್ವಾಂಸರು ಪಾಠಕ್ಕೆ ಕೈಹಾಕುವ ಮೊದಲು ಫಲಕಗಳ ಅಳತೆ, ತೂಕ, ಅವುಗಳನ್ನು ಕೋದಿರುವ ಬಳೆ, ಬಳೆಯ ಮೇಲಿನ ಮುದ್ರೆ ಇವುಗಳ ವಿವರವನ್ನು ಬರೆಯುವುದು ರೂಢಿ. ಫಲಕಗಳು ಕೈಗೆ ಬಂದಾಗ ಬಳೆಯು ಕತ್ತರಿಸಲ್ಪಟ್ಟಿತ್ತೆ, ಇರಲಿಲ್ಲವೆ ಎಂಬ ಮಾತೂ ಅಲ್ಲಿ ಬರುತ್ತದೆ. ಹೊಸದಾಗಿ ಓದುವವರಿಗೆ ಇದು ಅನಾವಶ್ಯಕವೆಂದು ತೋರಬಹುದು. ಆದರೆ ಬಳೆ ತುಂಡಾಗದೆ ಇದ್ದರೆ ಆ ಫಲಕಗಳೆಲ್ಲ ಮೊದಲಿನಿಂದಲೂ ಒಂದೇ ಶಾಸನಕ್ಕೆ ಸೇರಿದುವೆಂದು ನಂಬುವುದಕ್ಕೆ ಬಲವಾದ ಕಾರಣವಿರುತ್ತದೆ. ಬಳೆ ತುಂಡಾಗಿದ್ದರೆ ನಡುವಣ ಫಲಕವು ಬೇರೆ ಕಡೆಯಿಂದ ಬಂದು ಸೇರಿದ್ದೀತು ಎಂಬ ಶಂಕೆಗೆ ಎಡೆಯಾಗುತ್ತದೆ. ಗಂಗರ ತಾಮ್ರಶಾಸನಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟರು ವಾದಿಸಿದ ದಿನಗಳಿಂದ ಇಂಥ ಎಚ್ಚರ ನಮ್ಮ ಶಾಸನ ಸಂಶೋಧನೆಯಲ್ಲಿ ರಕ್ತಗತವಾಗಿದೆ ಎನ್ನಬಹುದು.

ಆಯುಧಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಬಂದಿಲ್ಲ. ವಸ್ತುಸಂಗ್ರಹಾಲಯದಲ್ಲಿ ಹಳೆಯ ಸೈನಿಕ ಕೋವಿಯೊಂದನ್ನು ನೋಡುವವರು ನಳಿಗೆಯ ಮೇಲಿನ ಮುದ್ರೆಯನ್ನೂ ಇಸವಿಯನ್ನೂ ಓದಿ ಮುಂದಕ್ಕೆ ಹೋಗುತ್ತಾರೆ. ಕಬ್ಬಿಣದ ಭಾಗ ನೂರಾರು ವರ್ಷ ಬಾಳುತ್ತದೆ. ಆ ಕೋವಿಯನ್ನು ಯಾರು, ಎಲ್ಲಿ, ಯಾವ ಸ್ಥಿತಿಯಲ್ಲಿ ಬಳಸಿದರು ಎಂಬುದನ್ನು ಹೇಳುವುವು ಹೆಚ್ಚಾಗಿ ಬಾಳಿಕೆಯಿಲ್ಲದ ಭಾಗಗಳು: ಹಿಡಿಮರ, ಅದರ ಮೇಲೆ ಹೊದಿಸಿದ ತೊಗಲು, ತೊಗಲನ್ನು ಮರಕ್ಕೆ ಬಿಗಿದ ರಿವೆಟ್ಟು ಅಥವಾ ತಿರುಪುಮೊಳೆ. ದುರಸ್ತಿಯ ಹೆಸರಿನಲ್ಲಿ ಮೊದಲು ಕಳೆದುಹೋಗುವುವೂ ಇವೇ. ಪ್ರಕೃತ ಲೇಖನದಲ್ಲಿ ನಾವು ಮುಖ್ಯವಾಗಿ ಬ್ರಿಟಿಷ್ ಸೈನ್ಯದ ಮಾರ್ಟಿನಿ-ಹೆನ್ರಿ ಕೋವಿಯನ್ನು ಉದಾಹರಣೆಯಾಗಿಟ್ಟುಕೊಂಡು, ಈ ಭಾಗಗಳನ್ನು ಬದಲಾಯಿಸುವ ಕೆಲಸವು ಇತಿಹಾಸದ ಆಧಾರಗಳ ಮೇಲೆ ಮಾಡುವ ಪರಿಣಾಮವನ್ನು ವಿಚಾರ ಮಾಡುತ್ತೇವೆ.

ಮಾರ್ಟಿನಿ-ಹೆನ್ರಿ ಕೋವಿಯು ಬ್ರಿಟಿಷ್ ಸೈನ್ಯದಲ್ಲಿ 1871ರಲ್ಲಿ ಅಂಗೀಕೃತವಾಯಿತು. ಹಿಂಬದಿಯಿಂದ ತೋಟಾ ತುಂಬುವ ಯಂತ್ರಭಾಗವು ಸ್ವಿಟ್ಸರ್ಲೆಂಡಿನಲ್ಲಿದ್ದ ಫ್ರೀಡ್ರಿಕ್ ಫಾನ್ ಮಾರ್ಟಿನಿಯದು. ನಳಿಗೆಯೊಳಗಣ ಸುರುಳಿಗೀರುಗಳ ಕ್ರಮ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಹೆನ್ರಿಯದು. ಗುಂಡಿನ ತೂಕ 480 ಗ್ರೇನು, ಅಂದರೆ ಸುಮಾರು 31 ಗ್ರಾಮು. ಅದರ ಹಿಂದೆ 85 ಗ್ರೇನು ಕರಿಮದ್ದು. ಕೋವಿಯ ಮರ ಒಂದೇ ತುಂಡಿನದಲ್ಲ. ಭುಜಕ್ಕೆ ಆನಿಸುವ ಹಿಂಭಾಗದ ಮರವು ಉದ್ದವಾದ ಒಂದು ಬೋಲ್ಟಿನಿಂದ ಯಂತ್ರಭಾಗಕ್ಕೆ ಬಿಗಿಯಲ್ಪಟ್ಟಿದೆ. ನಳಿಗೆಯ ಕೆಳಗೆ ಓಡುವ ಮುಂಭಾಗದ ಮರ ಬೇರೆ ತುಂಡು, ಅದನ್ನು ಕಬ್ಬಿಣದ ಪಟ್ಟಿಗಳು ನಳಿಗೆಗೆ ಹಿಡಿದಿರುತ್ತವೆ. ಅನುಕೂಲಕ್ಕಾಗಿ ಇವನ್ನು ಹೆಗಲಮರ, ನಳಿಗೆಮರ ಎಂದು ಕರೆಯೋಣ. ಎರಡು ತುಂಡಾಗಿರುವುದರಿಂದ ಒಂದನ್ನು ಉಳಿಸಿ ಇನ್ನೊಂದನ್ನು ಬದಲಾಯಿಸುವುದು ಸುಲಭ. ಈಗ ಉಳಿದಿರುವ ಕೋವಿಗಳಲ್ಲಿ ಎರಡು ಮರಗಳ ಬಣ್ಣವೂ ಎಳೆಯೂ ಹೊಂದದಿರುವ ಉದಾಹರಣೆಗಳು ಸಾಮಾನ್ಯವಾಗಿರುವುದಕ್ಕೆ ಇದೇ ಕಾರಣ.

ಈ ಕೋವಿಗೆ ತೊಗಲು ಬಂದುದು ಅಲಂಕಾರಕ್ಕಾಗಿ ಅಲ್ಲ, ಬೇಗೆಯ ದೆಸೆಯಿಂದ. ನಳಿಗೆಯ ಮೇಲ್ಭಾಗಕ್ಕೆ ಮರದ ಹೊದಿಕೆ ಇರಲಿಲ್ಲ. ಒಂದೇ ಸಮನೆ ಗುಂಡು ಹಾರಿಸಿದರೆ ಎಡಗೈ ಹಿಡಿಯುವ ಜಾಗದಲ್ಲಿ ನಳಿಗೆ ಸುಡುತ್ತಿತ್ತು. 1879ರ ಜನವರಿ 22ರ ಮಧ್ಯಾಹ್ನದಿಂದ ಮರುದಿನ ಬೆಳಗಿನವರೆಗೆ ದಕ್ಷಿಣ ಆಫ್ರಿಕದ ರೋರ್ಕ್ಸ್ ಡ್ರಿಫ್ಟಿನಲ್ಲಿ ಸುಮಾರು 150 ಮಂದಿ ಸಾವಿರಾರು ಜುಲು ಯೋಧರನ್ನು ತಡೆದು ನಿಂತಾಗ ನಳಿಗೆಗಳು ಕೈ ಸುಡುವಷ್ಟು ಕಾದಿದ್ದುವೆಂದು ಅಲ್ಲಿ ಕಾದಿದ ಹೆನ್ರಿ ಹುಕ್ ಎಂಬ ಸಿಪಾಯಿ ಅನಂತರ ತಿಳಿಸಿದ್ದಾನೆ. ಸಿಪಾಯಿಗಳು ಇದಕ್ಕೆ ಕಂಡುಕೊಂಡ ಉಪಾಯ ಹಸಿಚರ್ಮ. ಹದ ಮಾಡದ ದನದ ಚರ್ಮವನ್ನು ನೆನೆಸಿ ನಳಿಗೆಗೂ ನಳಿಗೆಮರಕ್ಕೂ ಸೇರಿಸಿ ಸುತ್ತಿ ಹೊಲಿದುಬಿಟ್ಟರೆ, ಒಣಗುತ್ತ ಅದು ಬಿಗಿದು ಕೊಂಬಿನಂತೆ ಗಟ್ಟಿಯಾಗುತ್ತದೆ. ನಮ್ಮಲ್ಲಿ ಮದ್ದಲೆ ತಮಟೆಗಳಿಗೆ ಚರ್ಮ ಬಿಗಿಯುವವರಿಗೆ ಈ ಗುಣ ಚೆನ್ನಾಗಿ ಗೊತ್ತು. ಮುಂದೆ ಸೈನ್ಯವೇ ದಾರದಿಂದ ಬಿಗಿಯುವ ಹದಮಾಡಿದ ತೊಗಲಿನ ಕೈಕಾಪನ್ನು ಒದಗಿಸಿತು. ರಾವುತರಿಗೆ ಕೊಟ್ಟ ಚಿಕ್ಕ ಕೋವಿ, ಎಂದರೆ ಕಾರ್ಬೈನು, 1877ರಲ್ಲಿ ಬಂದಿತು. ಕುದುರೆಯ ಜೀನಿಗೆ ಕಟ್ಟಿದ ತೊಗಲಿನ ಚೀಲದಲ್ಲಿ ಅದನ್ನು ಇಳಿಬಿಡುತ್ತಿದ್ದುದರಿಂದ ಗುರಿಪಟ್ಟಿ ಉಜ್ಜಿ ಕೆಡದಂತೆ ಅದರ ಮೇಲೊಂದು ತೊಗಲಿನ ಮುಚ್ಚಳವನ್ನು ಹೊದಿಸಿದರು. ಅದನ್ನು ನಿಲ್ಲಿಸಲು ನಳಿಗೆಮರದ ಪಕ್ಕಗಳಲ್ಲಿ ಸಣ್ಣ ಲೋಹದ ಗುಬ್ಬಿಗಳನ್ನು ಕೂರಿಸಬೇಕಾಯಿತು. ಇಂದು ಈ ಕಾರ್ಬೈನುಗಳಲ್ಲಿ ಹೆಚ್ಚಿನವಕ್ಕೆ ಮುಚ್ಚಳವಿಲ್ಲ. ಇದ್ದ ಜಾಗವನ್ನು ಗುಬ್ಬಿಗಳೋ ಅವುಗಳ ಬರಿಯ ತೂತುಗಳೋ ಮಾತ್ರ ತೋರಿಸುತ್ತವೆ.

ಆ ತೂತುಗಳ ಬೆಲೆ ಎಷ್ಟೆಂಬುದನ್ನು ಇಲ್ಲಿಯೇ ಹೇಳಬಹುದು. ಖಾಲಿ ತೂತು ಮುಚ್ಚಳವಿತ್ತೆಂಬುದಕ್ಕೆ ಸಾಕ್ಷಿ. ಮರದ ಚೂರಿನಿಂದ ಮುಚ್ಚಿದ ತೂತು ಆ ಕೋವಿ ಮುಚ್ಚಳ ಬೇಡವಾದ ಕೈಗೆ ಹೋಯಿತೆಂಬುದಕ್ಕೆ ಸಾಕ್ಷಿ. ತೂತಿನ ಸುತ್ತ ಮರವು ಬೆಳಕು ತಾಗದೆ ಬೇರೆ ಬಣ್ಣದಲ್ಲಿ ಉಳಿದಿದ್ದರೆ ಮುಚ್ಚಳವು ಬಹುಕಾಲ ಅಲ್ಲಿತ್ತೆಂದು ತಿಳಿಯಬೇಕು. ಹಳೆಯ ತೂತಿನ ಪಕ್ಕದಲ್ಲಿಯೇ ಹೊಸ ತೂತು ಕೊರೆದಿದ್ದರೆ ತೊಗಲು ಒಮ್ಮೆಯಾದರೂ ಬದಲಾಗಿದೆ. ಬದಲಾಯಿಸಿದವನ ಬಳಿ ಮೂಲದ ಅಳತೆಪಟ್ಟಿ ಇರಲಿಲ್ಲ, ಅಂದರೆ ಆತ ಸೈನ್ಯದ ಕಾರ್ಖಾನೆಯವನಾಗಿರಲಿಕ್ಕಿಲ್ಲ. ಒಂದು ಅಂಗುಲ ಮರದಲ್ಲಿ ಇಷ್ಟು ಓದುವುದಿದೆ. ಉಪ್ಪುಕಾಗದ ಹಾಕಿ ಉಜ್ಜಿ, ಅರಗು ಬೆರಸಿದ ಮಸಾಲೆಯಿಂದ ತೂತು ತುಂಬಿ, ಹೊಳಪೆಣ್ಣೆ ಬಳಿದರೆ ಅರ್ಧ ದಿನದಲ್ಲಿ ಎಲ್ಲವೂ ಮುಗಿದುಹೋಗುತ್ತದೆ.

ದುರಸ್ತಿ ಏಕೆ ಅನಿವಾರ್ಯವಾಗುತ್ತದೆ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಮರ, ತೊಗಲು, ಲೋಹ ಈ ಮೂರು ಪರಸ್ಪರ ಒಗ್ಗುವ ವಸ್ತುಗಳಲ್ಲ. ಮರವು ತೇವಕ್ಕೆ ಹಿಗ್ಗುತ್ತದೆ, ಒಣಹವೆಗೆ ಕುಗ್ಗುತ್ತದೆ. ಈ ಹಿಗ್ಗು ಕುಗ್ಗು ಎಳೆಯ ಉದ್ದಕ್ಕೆ ಅತ್ಯಲ್ಪ, ಅಡ್ಡಕ್ಕೆ ಹೆಚ್ಚು. ಲೋಹದ ಮೊಳೆ ಕದಲದೆ ನಿಂತಿರುವುದರಿಂದ ಅದರ ಸುತ್ತಣ ಮರ ಸೀಳುತ್ತದೆ. ತೊಗಲಿನಲ್ಲಿ ಕೊಬ್ಬೂ ಎಣ್ಣೆಯೂ ಇರುವುದರಿಂದ ಅದಕ್ಕೆ ತಾಗಿದ ತಾಮ್ರ ಹಿತ್ತಾಳೆಗಳ ರಿವೆಟ್ಟಿನ ತಲೆಯ ಸುತ್ತ ಹಸುರು ಮೇಣದಂಥ ಕಿಲುಬು ಏಳುತ್ತದೆ. ಇದು ಕೊಬ್ಬಿನ ಆಮ್ಲವೂ ತಾಮ್ರವೂ ಸೇರಿ ಆದ ಒಂದು ಬಗೆಯ ಸಾಬೂನು. ಕಬ್ಬಿಣವಾದರೆ ಮತ್ತೊಂದು ಬಗೆ. ಮರದ ತೊಗಟೆಯಿಂದ ಹದಮಾಡಿದ ಚರ್ಮದ ಒಗರಿನ ಸತ್ವ ಕಬ್ಬಿಣದೊಡನೆ ಕೂಡಿ ಕಪ್ಪಾಗುತ್ತದೆ. ಅಳಲೆಕಾಯಿಗೆ ಅನ್ನಭೇದಿ ಬೆರಸಿ ನಮ್ಮ ಹಿರಿಯರು ಮಸಿ ಮಾಡುತ್ತಿದ್ದುದೂ ಇದೇ ಕ್ರಿಯೆಯಿಂದ. ಹಳೆಯ ಕಾಗದಗಳಲ್ಲಿ ಆ ಮಸಿ ಅಕ್ಷರದ ಉದ್ದಕ್ಕೂ ಕಾಗದವನ್ನು ತಿಂದು ತೂತು ಮಾಡಿರುವುದನ್ನು ದಫ್ತರ ನೋಡುವ ವಿದ್ಯಾರ್ಥಿಗಳು ಬಲ್ಲರು. ಕಬ್ಬಿಣದ ಮೊಳೆಯ ಸುತ್ತಣ ತೊಗಲಿನ ಗತಿಯೂ ಅದೇ.

ತೊಗಲಿನ ಅವನತಿಗೆ ಇನ್ನೊಂದು ಕಾರಣವಿದೆ, ಮತ್ತು ಅದು ನಮ್ಮ ನಾಡಿನ ಗಿಡವೊಂದಕ್ಕೆ ಸಂಬಂಧಿಸಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಗ್ರಂಥಾಲಯಗಳಲ್ಲಿ ಪುಸ್ತಕಗಳ ತೊಗಲಿನ ರಟ್ಟುಗಳು ಕೆಂಪು ಪುಡಿಯಾಗಿ ಉದುರತೊಡಗಿದುವು. ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಸಂಸ್ಥೆಯು 1900ರಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಅದರ ವರದಿ 1901ರಲ್ಲಿ ಬಂದು, ವಿಸ್ತೃತ ರೂಪದಲ್ಲಿ 1905ರಲ್ಲಿ ಪ್ರಕಟವಾಯಿತು. ಅನಿಲದೀಪಗಳ ಹೊಗೆಯಲ್ಲಿರುವ ಗಂಧಕದ ಅಂಶ ತೊಗಲಿನಲ್ಲಿ ಆಮ್ಲವಾಗಿ ಪರಿಣಮಿಸುವುದೆಂದೂ, ಎಲ್ಲ ಬಗೆಯ ಹದವೂ ಇದನ್ನು ಸಮಾನವಾಗಿ ತಾಳಿಕೊಳ್ಳುವುದಿಲ್ಲವೆಂದೂ ಸಮಿತಿ ಕಂಡುಕೊಂಡಿತು. ಸುಮಾಕ್ ಎಂಬ ಗಿಡದ ಎಲೆಯಿಂದ ಹದಮಾಡಿದ ಚರ್ಮ ಚೆನ್ನಾಗಿ ಬಾಳಿತ್ತು. ಅತಿ ಬೇಗ ಕೆಟ್ಟುವೆಂದು ಸಮಿತಿ ಹೆಸರಿಸಿದುವುಗಳಲ್ಲಿ ಭಾರತದಿಂದ ಹೋದ, ತರ್ವಾರ್ ತೊಗಟೆಯಲ್ಲಿ ಹದಗೊಂಡ ಚರ್ಮಗಳು ಸೇರಿದ್ದುವು. ತರ್ವಾರ್ ಎಂದರೆ ನಮ್ಮ ತಂಗಡಿ. ಬಯಲುಸೀಮೆಯ ಬೀಳುಗಳಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಈ ಗಿಡದ ತೊಗಟೆಯಿಂದ ಮದರಾಸು ಪ್ರಾಂತದಲ್ಲಿಯೂ ಮೈಸೂರು ಸೀಮೆಯಲ್ಲಿಯೂ ಹದಮಾಡಿದ ಚರ್ಮ ಅರ್ಧ ಹದದ ಸ್ಥಿತಿಯಲ್ಲಿ ಹಡಗು ಹತ್ತಿ ಲಂಡನ್ನಿನ ಪೇಟೆಗೆ ಹೋಗುತ್ತಿತ್ತು. ಅಲ್ಲಿ ಬಣ್ಣವನ್ನೂ ಹೊಳಪನ್ನೂ ಪಡೆದು ನಾನಾ ಸಾಮಾನುಗಳಾಗಿ ಮಾರ್ಪಡುತ್ತಿತ್ತು. ತಂಗಡಿಯನ್ನು ದೂರುವುದು ನಮ್ಮ ಉದ್ದೇಶವಲ್ಲ. ಕಪಿಲೆಯ ಬಾನಿಗೂ ಮೆಟ್ಟಿಗೂ ಆ ಹದ ಸಾಕಾಗಿತ್ತು. ನೂರು ವರ್ಷ ಹೊಗೆಯ ಗಾಳಿಯಲ್ಲಿ ಇರಬೇಕೆಂದು ನಮ್ಮ ಚರ್ಮಕಾರರು ಅದನ್ನು ಮಾಡಿದುದಲ್ಲ.

ಹೀಗೆ ಕೆಂಪು ಪುಡಿಯಾದ ತೊಗಲು ಮೊದಲಿನ ಸ್ಥಿತಿಗೆ ಬರುವುದಿಲ್ಲ. ಎಣ್ಣೆ ಹಾಕಿದರೆ ಮೃದುವಾಗುವುದೆಂಬ ನಂಬಿಕೆ ಬಹಳ ಕಾಲ ಇತ್ತು. ಬ್ರಿಟಿಷ್ ಮ್ಯೂಸಿಯಮ್ಮಿನ ಲೇಪವೆಂದು ಹೆಸರಾದ, ಕುರಿಯುಣ್ಣೆಯ ಜಿಡ್ಡು, ಜೇನುಮೇಣ, ದೇವದಾರುತೈಲ ಸೇರಿದ ಮಿಶ್ರಣವು ಲೋಕದ ಅನೇಕ ಸಂಗ್ರಹಾಲಯಗಳಲ್ಲಿ ಬಳಕೆಯಾಯಿತು. ಕಾಲಕ್ರಮದಲ್ಲಿ ಅದು ತೊಗಲನ್ನು ಕಪ್ಪುಮಾಡಿ ಧೂಳು ಹಿಡಿಸುವುದೆಂದು ತಿಳಿದುಬಂದು ಅದರ ಬಳಕೆ ಹಿಂದೆ ಸರಿದಿದೆ. ಈಗ ಪುಡಿಯಾದ ತೊಗಲಿನ ಕಣಗಳನ್ನು ನಿಲ್ಲಿಸಲು ಮದ್ಯಸಾರದಲ್ಲಿ ಕರಗಿಸಿದ ಕ್ಲೂಸೆಲ್-ಜಿ ಎಂಬ ಪದಾರ್ಥವನ್ನು ತೆಳ್ಳಗೆ ಹಚ್ಚುತ್ತಾರೆ. ಅದು ಬಲವನ್ನು ಕೊಡುವುದಿಲ್ಲ. ಇರುವುದನ್ನು ಉದುರದಂತೆ ಹಿಡಿಯುತ್ತದೆ, ಅಷ್ಟೆ.

ಕೆಲವು ವರ್ಷಗಳ ಹಿಂದೆ ನಾವು ನೋಡಿದ ಒಂದು ಸಂಗ್ರಹದಲ್ಲಿ ಇಂಥ ಕಾರ್ಬೈನೊಂದಿತ್ತು. ಅದರ ಮುಂದಿನ ಚೀಟಿಯಲ್ಲಿ 1880ರ ದಶಕದ ಕೋವಿ ಎಂದೂ, 'ಮೂಲ ತೊಗಲಿನ ಹೊದಿಕೆಯೊಡನೆ' ಎಂದೂ ಬರೆದಿತ್ತು. ನಳಿಗೆಯ ಕಾಲದ ಬಗ್ಗೆ ಸಂದೇಹವಿಲ್ಲ. ತೊಗಲಿನ ಅಂಚನ್ನು ಭೂತಗನ್ನಡಿಯಿಂದ ನೋಡಿದಾಗ ಮೇಲೆ ಕಂದುಬಣ್ಣವಿದ್ದರೂ ಕೊಯ್ದ ಅಂಚಿನ ಒಳಗೆ ನಸುನೀಲಿ ಬೂದು ಬಣ್ಣ ಕಾಣಿಸಿತು. ಅದು ಕ್ರೋಮ್ ಹದದ ಗುರುತು. ಕ್ರೋಮಿಯಮ್ ಲವಣದಿಂದ ಚರ್ಮ ಹದಮಾಡುವ ವಿಧಾನಕ್ಕೆ ಅಮೆರಿಕದಲ್ಲಿ ಅಗಸ್ಟಸ್ ಷುಲ್ಟ್ಸ್ ಪೇಟೆಂಟು ಪಡೆದುದು 1884ರಲ್ಲಿ. ಅದು ವ್ಯಾಪಾರದಲ್ಲಿ ನೆಲೆಗೊಂಡುದು ಅದಕ್ಕೂ ಅನಂತರ. ದಕ್ಷಿಣ ಭಾರತದಲ್ಲಿ ಅದನ್ನು ಪ್ರಚಾರಕ್ಕೆ ತಂದವರು ಆಲ್ಫ್ರೆಡ್ ಚಾಟರ್ಟನ್, ಮದರಾಸಿನಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ಅವರೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾಗಿ ಬಂದರು. ಆದುದರಿಂದ ಆ ಹೊದಿಕೆ ಮೂಲದ್ದಾಗಿರುವುದು ಅಸಂಭವ. ರಿವೆಟ್ಟುಗಳು ಕೈಚೀಲಗಳಿಗೆ ಹಾಕುವ ನಿಕಲ್ ಲೇಪದ ಟೊಳ್ಳು ರಿವೆಟ್ಟುಗಳು. ವಿಚಾರಿಸಿದಾಗ, ಹಿಂದೆ ಯಾವಾಗಲೋ ಪ್ರದರ್ಶನಕ್ಕಾಗಿ ಸರಿಮಾಡಿಸಿದುದೆಂದೂ ಹಳೆಯ ತೊಗಲು ಹುಳಹಿಡಿದುದರಿಂದ ಎಸೆಯಲ್ಪಟ್ಟಿತೆಂದೂ ಉತ್ತರ ಬಂದಿತು. ದಾಖಲೆ ಪುಸ್ತಕದಲ್ಲಿ ಅದರ ಉಲ್ಲೇಖ ಇರಲಿಲ್ಲ. ಚೀಟಿ ಬರೆದವರು ಸುಳ್ಳು ಬರೆದವರಲ್ಲ. ಹಿಂದಿನವರು ಬರೆಯದೆ ಬಿಟ್ಟುದನ್ನು ಅವರು ಊಹೆಯಿಂದ ತುಂಬಿದರು. ಎಸೆದ ಆ ಹಳೆಯ ತೊಗಲು ಸೈನ್ಯದ ಮುಚ್ಚಳವೋ, ಯಾವನೋ ಬೇಟೆಗಾರನು ಸುತ್ತಿಸಿಕೊಂಡ ಕೈಕಾಪೋ ಎಂಬುದನ್ನು ನಿರ್ಣಯಿಸುವ ಮಾರ್ಗವೇ ಈಗ ಉಳಿದಿಲ್ಲ.

ಕಾಲನಿರ್ಣಯಕ್ಕೆ ಒದಗುವ ಇಂಥ ಸೂಚನೆಗಳು ಇನ್ನೂ ಕೆಲವುಂಟು. ಚೂಪು ತುದಿಯ ಯಂತ್ರನಿರ್ಮಿತ ತಿರುಪುಮೊಳೆಗಳು 1840ರ ದಶಕದ ಮೊದಲು ಇರಲಿಲ್ಲ. ಅದಕ್ಕೆ ಹಿಂದಿನವು ಮೊಂಡು ತುದಿಯವು. ತಲೆಯಲ್ಲಿ ಕೂಡುಗುರುತಿನಂತೆ ಅಡ್ಡಗೀರುಳ್ಳ ಫಿಲಿಪ್ಸ್ ತಿರುಪು 1930ರ ದಶಕದ್ದು. ಅಲ್ಯೂಮಿನಿಯಮ್ ಅಗ್ಗದ ಲೋಹವಾದುದು 1886ರಲ್ಲಿ ಅದನ್ನು ತೆಗೆಯುವ ವಿದ್ಯುತ್ಕ್ರಮ ತಿಳಿದ ಮೇಲೆ. ನೈಲಾನು ದಾರವು 1930ರ ದಶಕದ ಕೊನೆಗೆ ಮುಂಚೆ ಸಿಕ್ಕುವಂತಿಲ್ಲ. ಹೊಲಿಗೆಯನ್ನೂ ನೋಡಬೇಕು: ಜೀನುಗಾರನು ಒಂದೇ ತೂತಿನಲ್ಲಿ ಎರಡು ಸೂಜಿಗಳನ್ನು ಎದುರುಬದುರಾಗಿ ದಾಟಿಸಿ ಹಾಕಿದ ಹೊಲಿಗೆಗೂ ಯಂತ್ರದ ಹೊಲಿಗೆಗೂ ನೂಲು ಓಡುವ ಬಗೆ ಬೇರೆ. ಇವೆಲ್ಲ 'ಇದಕ್ಕಿಂತ ಹಿಂದಿನದಲ್ಲ' ಎಂದು ಹೇಳಬಲ್ಲುವೇ ಹೊರತು 'ಇದೇ ಕಾಲದ್ದು' ಎಂದು ಹೇಳಲಾರವು. ಹಳೆಯ ದಾಸ್ತಾನಿನ ಮೊಳೆಯನ್ನು ಇಂದೂ ಹೊಡೆಯಬಹುದು. ಹಸಿಚರ್ಮವನ್ನಂತೂ ಯಾರು ಬೇಕಾದರೂ ಯಾವಾಗ ಬೇಕಾದರೂ ಸುತ್ತಬಹುದಾದುದರಿಂದ, ಚರ್ಮ ಸುತ್ತಿದೆಯೆಂಬ ಒಂದೇ ಕಾರಣದಿಂದ ಜುಲು ಯುದ್ಧದ ಕೋವಿಯೆಂದು ಹೆಚ್ಚು ಬೆಲೆಗೆ ಮಾರುವ ವ್ಯಾಪಾರಿಗಳ ಮಾತಿಗೆ ಇತಿಹಾಸಕಾರನು ಮನ್ನಣೆ ಕೊಡಬೇಕಾಗಿಲ್ಲ.

ಹೆಗಲಮರದ ವಿಷಯ ಭಾರತದ ಮಟ್ಟಿಗೆ ಹೆಚ್ಚು ಮಹತ್ವದ್ದು. 1857ರ ದಂಗೆಯ ಅನಂತರ ಭಾರತೀಯ ಸಿಪಾಯಿಗಳಿಗೆ ಬ್ರಿಟಿಷ್ ಸಿಪಾಯಿಗಳಿಗಿಂತ ಒಂದು ತಲೆಮಾರು ಹಿಂದಿನ ಕೋವಿಯನ್ನೇ ಕೊಡುವುದು ಸರ್ಕಾರದ ನೀತಿಯಾಗಿತ್ತು. 1897ರ ಸೆಪ್ಟೆಂಬರ್ 12ರಂದು ವಾಯವ್ಯ ಗಡಿಯ ಸಾರಾಗಢಿಯಲ್ಲಿ 21 ಮಂದಿ ಸಿಖ್ ಸಿಪಾಯಿಗಳು ಕೊನೆಯವರೆಗೂ ಕಾದಿ ಮಡಿದಾಗ ಅವರ ಕೈಯಲ್ಲಿದ್ದುದು ಮಾರ್ಟಿನಿ-ಹೆನ್ರಿ. ಅದೇ ವರ್ಷದ ತೀರಾ ದಂಡಯಾತ್ರೆಯಲ್ಲಿ ಬ್ರಿಟಿಷ್ ಕಾಲಾಳುಗಳ ಕೈಯಲ್ಲಿದ್ದುದು 1888ರಲ್ಲಿ ಅಂಗೀಕೃತವಾದ ಲೀ-ಮೆಟ್‌ಫರ್ಡ್. ಒಂದೇ ಕೋವಿ ಮೊದಲು ಬ್ರಿಟಿಷ್ ಪಡೆಯಲ್ಲಿ, ಅನಂತರ ಭಾರತೀಯ ಪಡೆಯಲ್ಲಿ, ಆಮೇಲೆ ಪೋಲೀಸಿನವರಲ್ಲಿಯೋ ಸಂಸ್ಥಾನವೊಂದರಲ್ಲಿಯೋ ಸೇವೆ ಮಾಡಿರುವುದು ಸಾಧ್ಯ. ಆ ಪ್ರಯಾಣದ ಗುರುತುಗಳು ಇರುವುದು ಮರದ ಮೇಲೆ: ಕಾರ್ಖಾನೆಯ ದುಂಡುಮುದ್ರೆ, ಸರ್ಕಾರದ ಸೊತ್ತೆಂದು ಸೂಚಿಸುವ ಅಗಲಬಾಣ, ಭಾರತಕ್ಕೆ ಬಂದುದಾದರೆ ಬಾಣದ ಕೆಳಗೆ ಇಂಗ್ಲಿಷಿನ 'ಐ' ಅಕ್ಷರ. ಪಡೆಯ ಹೆಸರೂ ಸಂಖ್ಯೆಯೂ ಹೆಗಲಮರದ ತುದಿಯ ಲೋಹಪಟ್ಟಿಯ ಮೇಲೆ ಇರುವುದುಂಟು. ಮರವನ್ನು ಉಜ್ಜಿ ನುಣುಪುಮಾಡಿದವನು ಒಂದು ಸೈನಿಕ ಚರಿತ್ರೆಯ ಪುಟವನ್ನು ಅಳಿಸಿರುತ್ತಾನೆ.

ದುರಸ್ತಿಯೇ ಚರಿತ್ರೆಯಾಗಿರುವುದಕ್ಕೆ ಆಫ್ಘಾನಿಸ್ತಾನದ ಜೆಜೈಲ್ ಕೋವಿಗಳಿಗಿಂತ ಉತ್ತಮ ನಿದರ್ಶನ ಬೇಕಿಲ್ಲ. ಉದ್ದ ನಳಿಗೆಯ, ಬಾಗಿದ ಹೆಗಲಮರದ ಈ ಕೋವಿಗಳು 1839-42ರ ಮೊದಲ ಆಫ್ಘನ್ ಯುದ್ಧದಲ್ಲಿ ಬ್ರಿಟಿಷರ ಮಸ್ಕೆಟ್ಟುಗಳಿಗಿಂತ ದೂರಕ್ಕೆ ಗುಂಡು ಹಾಯಿಸಿ ಅವರನ್ನು ಕಂಗೆಡಿಸಿದುವು. ಮರವೂ ನಳಿಗೆಯೂ ದೇಶೀಯ. ಆದರೆ ಕಿಡಿ ಹಾರಿಸುವ ಯಂತ್ರಭಾಗ ಅನೇಕ ವೇಳೆ ಈಸ್ಟ್ ಇಂಡಿಯಾ ಕಂಪೆನಿಯದು. ನಾಲ್ಕು ಭಾಗವಾದ ಹೃದಯಾಕಾರದ ಮುದ್ರೆ, ಅಥವಾ ಅದಕ್ಕೂ ಈಚಿನ ನಿಂತ ಸಿಂಹದ ಮುದ್ರೆ ಅದರ ಮೇಲೆ ಇರುತ್ತದೆ. ಕೊಂಡುದೋ ಗೆದ್ದುದೋ ಕದ್ದುದೋ, ಅಂತೂ ಕಂಪೆನಿಯ ಯಂತ್ರವನ್ನು ತನ್ನ ಮರಕ್ಕೆ ಕೂರಿಸಿಕೊಂಡ ಗುಡ್ಡಗಾಡಿನ ಕಮ್ಮಾರನ ಕೆಲಸವನ್ನು 'ಕಲಬೆರಕೆ' ಎಂದು ಬೇರ್ಪಡಿಸಿದರೆ ಉಳಿಯುವುದೇನು? ಎರಡು ಅರ್ಧ ಕೋವಿಗಳು. ಇಲ್ಲಿ ಮೂಲವೆಂಬುದೇ ದುರಸ್ತಿ.

ಈ ಪ್ರಶ್ನೆ ಬಹು ದೊಡ್ಡ ಪ್ರಮಾಣದಲ್ಲಿ ಎದ್ದುದು ನೇಪಾಳದ ವಿಚಾರದಲ್ಲಿ. ಕಾಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಹಳೆಯ ಅರಮನೆಯಲ್ಲಿ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದ ಶಸ್ತ್ರಗಳು ರಾಶಿಬಿದ್ದಿದ್ದುವು. 2003ರಲ್ಲಿ ಅಮೆರಿಕದ ಇಬ್ಬರು ವ್ಯಾಪಾರಿಗಳು ಸೇರಿ ಅದನ್ನು ನೇಪಾಳ ಸರ್ಕಾರದಿಂದ ಕೊಂಡರು. 50,000ಕ್ಕೂ ಮಿಕ್ಕ ಬಂದೂಕುಗಳು ಅದರಲ್ಲಿದ್ದುವು. ಈಸ್ಟ್ ಇಂಡಿಯಾ ಕಂಪೆನಿಯ ಮಸ್ಕೆಟ್ಟುಗಳು, ಬ್ರನ್ಸ್ವಿಕ್ ರೈಫಲ್ಲುಗಳು, ಬ್ರಿಟನ್ನಿನ ಮಾರ್ಟಿನಿ-ಹೆನ್ರಿಗಳು, ಅವುಗಳೊಡನೆ ನೇಪಾಳದಲ್ಲಿಯೇ ಮಾಡಿದ ಗಹೇಂದ್ರ ಕೋವಿಗಳು. ಈ ಕೊನೆಯವನ್ನು ರೂಪಿಸಿದವನು ಪ್ರಧಾನಿ ಬೀರ್ ಶಮ್ಶೇರನ ಮಗ ಗಹೇಂದ್ರ ಶಮ್ಶೇರ್. ಹೊರನೋಟಕ್ಕೆ ಮಾರ್ಟಿನಿ-ಹೆನ್ರಿಯಂತೆಯೇ ಕಂಡರೂ ಒಳಗೆ ಸುರುಳಿಯ ಬದಲು ಚಪ್ಪಟೆ ಸ್ಪ್ರಿಂಗು ಇದೆ. ಒಂದೊಂದನ್ನೂ ಕೈಯಿಂದ ಅರದಲ್ಲಿ ತಿದ್ದಿ ಕೂಡಿಸಿದುದರಿಂದ ಒಂದರ ಭಾಗ ಇನ್ನೊಂದಕ್ಕೆ ಸುಲಭವಾಗಿ ಹೊಂದುವುದಿಲ್ಲ. ಅನೇಕ ಕೋವಿಗಳ ಮೇಲೆ ದೇವನಾಗರಿಯಲ್ಲಿ ಪಡೆಯ ಸಂಕೇತವೂ ಅಂಕಿಯೂ ಇವೆ.

ಕೊಂಡವರು ಅವನ್ನು ಹಡಗಿನಲ್ಲಿ ಸಾಗಿಸಿ, ದಶಕಗಳ ಜಿಡ್ಡನ್ನೂ ಕೊಳೆಯನ್ನೂ ತೊಳೆದು, ಬಿಡಿಬಿಡಿಯಾಗಿ ಮಾರಿದರು. ವ್ಯಾಪಾರಿಗಳಾಗಿ ಅವರು ಮಾಡಿದುದು ಸಹಜವೇ. ಮಾರದಿದ್ದರೆ ಆ ಮರವೆಲ್ಲ ಗೆದ್ದಲಿಗೂ ತೇವಕ್ಕೂ ಆಹುತಿಯಾಗುತ್ತಿತ್ತೆಂಬುದೂ ನಿಜವಿರಬಹುದು. ಆದರೆ ಒಂದು ರಾಜ್ಯದ ಶಸ್ತ್ರಾಗಾರವು ರಾಶಿಯಾಗಿ ಇದ್ದಾಗ ಹೇಳಬಹುದಾಗಿದ್ದ ಮಾತನ್ನು ಚದರಿಹೋದ ಮೇಲೆ ಹೇಳಲಾರದು. ಹೊಸ ಒಡೆಯನು ಮರ ಬಿರಿದಿದೆಯೆಂದು ಹೊಸ ಮರ ಹಾಕಿಸುತ್ತಾನೆ; ತೊಗಲಿನ ಹೊರೆಪಟ್ಟಿ ಕಿತ್ತಿದೆಯೆಂದು ಹೊಸದನ್ನು ರಿವೆಟ್ಟು ಹೊಡೆದು ಹಾಕಿಸುತ್ತಾನೆ; ಒಂದು ಕೋವಿಯ ಯಂತ್ರಕ್ಕೆ ಇನ್ನೊಂದರ ಹೆಗಲಮರವನ್ನು ಕೂರಿಸುತ್ತಾನೆ. ದೇವನಾಗರಿಯ ಅಂಕಿ ಹೀಗೆ ಬೇರೊಂದು ಕೋವಿಗೆ ಹೋಗಿ ಕೂರುತ್ತದೆ. ಮೇಲೆ ಹೇಳಿದ ತಾಮ್ರಶಾಸನದ ಬಳೆ ತುಂಡಾದಂತೆಯೇ ಇದು. ಎಲ್ಲವನ್ನೂ ಒಂದೇ ಕಡೆ ಕೊಂಡಿದ್ದ ಆ ಕೆಲವು ತಿಂಗಳುಗಳಲ್ಲಿ ಅಂಕಿಗಳ ಪಟ್ಟಿಯನ್ನು ವಿದ್ವಾಂಸರ ತಂಡವೊಂದು ತಯಾರಿಸಿದ್ದರೆ ನೇಪಾಳದ ರಾಣಾಕಾಲದ ಸೈನ್ಯದ ರಚನೆಗೆ ಅದೊಂದು ಆಕರವಾಗುತ್ತಿತ್ತೆಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ರಿವೆಟ್ಟನ್ನೂ ತೊಗಲನ್ನೂ ಬದಲಾಯಿಸಲೇ ಕೂಡದೆ? ನಾವು ಹಾಗೆ ಹೇಳುವುದಿಲ್ಲ. ಹಸುರು ಕಿಲುಬು ಮರದೊಳಕ್ಕೆ ಇಳಿಯುತ್ತಿದ್ದರೆ, ಕಬ್ಬಿಣದ ಮೊಳೆ ತುಕ್ಕಿನಿಂದ ಉಬ್ಬಿ ಮರವನ್ನು ಸೀಳುತ್ತಿದ್ದರೆ ತೆಗೆಯಬೇಕಾದುದೇ. ತೆಗೆಯುವ ಕ್ರಮ ಮುಖ್ಯ. ರಿವೆಟ್ಟನ್ನು ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆದು ಹೊರಡಿಸಿದರೆ ಬಡಿದು ಅರಳಿಸಿದ ತುದಿ ತೂತನ್ನು ಹರಿದುಕೊಂಡು ಬರುತ್ತದೆ. ಅರಳಿದ ತುದಿಯನ್ನೂ ಅದರಡಿಯ ಬಿಲ್ಲೆಯನ್ನೂ ಅರದಿಂದ ಸವೆಸಿ, ಕಡ್ಡಿಯನ್ನು ಮೆಲ್ಲಗೆ ನೂಕಬೇಕು. ಮುಂತಲೆ ಆಗ ಕೆಡದೆ ಉಳಿಯುತ್ತದೆ. ಹಳೆಯ ತೂತನ್ನೇ ಬಳಸಬೇಕು. ತೂತು ಸಡಿಲವಾಗಿದ್ದರೆ ಅದೇ ಜಾತಿಯ ಮರದ ಚೂರನ್ನು, ಎಳೆ ಒಂದೇ ದಿಕ್ಕಿಗೆ ಬರುವಂತೆ, ಬೇಕಾದಾಗ ಬಿಡಿಸಬಹುದಾದ ಅಂಟಿನಿಂದ ಕೂರಿಸಬೇಕು. ನಮ್ಮ ಬಡಗಿಗಳು ಬಳಸುತ್ತಿದ್ದ ವಜ್ರದಂಟು ಬಿಸಿನೀರಿಗೆ ಬಿಡುತ್ತದೆ, ಈಗಿನ ಎಪಾಕ್ಸಿ ಬಿಡುವುದಿಲ್ಲ. ಮರದೊಳಗೆ ತಾಮ್ರದ ಕಡ್ಡಿಯನ್ನು ಜೋರಾಗಿ ಬಡಿದರೆ ಮೆತು ಲೋಹವು ನಡುವೆ ಉಬ್ಬಿ ಒಳಗಿನಿಂದಲೇ ಮರವನ್ನು ಬಿರಿಯಿಸುತ್ತದೆ; ಕಡ್ಡಿಯ ಉದ್ದವನ್ನು ಮೊದಲೇ ಕತ್ತರಿಸಿಕೊಂಡು ತುದಿಯನ್ನು ಮಾತ್ರ ಸಣ್ಣ ಪೆಟ್ಟುಗಳಿಂದ ಅರಳಿಸತಕ್ಕದ್ದು. ಹೊಸ ತೊಗಲು ತೊಗಟೆಯ ಹದದ್ದೇ ಆಗಿರಲಿ, ಆದರೆ ಹೊಸದೆಂಬುದು ಮುಚ್ಚಿಹೋಗದಿರಲಿ: ಒಳಮೈಯಲ್ಲಿ ಬದಲಾಯಿಸಿದ ಇಸವಿಯನ್ನು ಒತ್ತಿದರೆ ಸಾಕು. ಹಳೆಯ ತೊಗಲು, ರಿವೆಟ್ಟು, ಬಿಲ್ಲೆ, ಉದುರಿದ ಪುಡಿ ಸಹಿತ ಕೋವಿಯ ಸಂಖ್ಯೆ ಬರೆದ ಲಕೋಟೆಯಲ್ಲಿ ಉಳಿಯತಕ್ಕದ್ದು. ಮರವನ್ನು ಉಜ್ಜುವುದಕ್ಕೆ ಮಾತ್ರ ನಾವು ಯಾವ ಕಾರಣವನ್ನೂ ಒಪ್ಪಲಾರೆವು.

ಸಂಗ್ರಹಾಲಯದ ನಿಯಮವನ್ನು ಮನೆಯಲ್ಲಿ ಬಳಕೆಯಲ್ಲಿರುವ ಕೋವಿಗೆ ಹಾಗೆಯೇ ಹೇರಲಾಗದು. ಕೊಡಗಿನಲ್ಲಿ ಕೋವಿಯು ಮನೆತನದ ಸೊತ್ತು. ಬ್ರಿಟಿಷರ ಕಾಲದಿಂದ ಬಂದ, ಆಯುಧ ಪರವಾನಗಿಯಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳ ಮಟ್ಟಿಗೆ ಮುಂದುವರಿಸಿತು; ಉಚ್ಚ ನ್ಯಾಯಾಲಯವೂ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನು ಶುಚಿಮಾಡಿ ಹೂವಿಟ್ಟು ಪೂಜಿಸುತ್ತಾರೆ. ಅಲ್ಲಿ ಮರದ ಮೇಲಿನ ಎಣ್ಣೆ, ಗಂಧದ ಗುರುತು, ಬಿರುಕಿಗೆ ಬಿಗಿದ ಹಿತ್ತಾಳೆಯ ಪಟ್ಟಿ ಇವೆಲ್ಲ ಇನ್ನೂ ಮುಂದುವರಿಯುತ್ತಿರುವ ಬಾಳಿನ ಭಾಗಗಳು. ಒಡೆಯರು ದುರಸ್ತಿ ಮಾಡಿಸುವುದು ಅವರ ಹಕ್ಕು. ಮಲೆನಾಡಿನ ಮಳೆಗಾಲದ ತೇವದಲ್ಲಿ ತೊಗಲು ಬಹುಕಾಲ ನಿಲ್ಲುವುದೂ ಇಲ್ಲ. ನಾವು ಕೋರುವುದು ಇಷ್ಟೆ: ಯಾವ ವರ್ಷ ಯಾವ ಬಡಗಿ ಮರ ಕೂರಿಸಿದನು, ಯಾವ ಊರಿನ ಚಮ್ಮಾರನು ಪಟ್ಟಿ ಹೊಲಿದನು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಒಂದು ಪುಸ್ತಕದಲ್ಲಿ ಗುರುತುಹಾಕಿಡುವುದು. ಇಂಥ ವಿವರಗಳನ್ನು ಒಡೆಯರ ಒಪ್ಪಿಗೆಯಿಂದ, ಅವರ ಹೆಸರು ಹೊರಬೀಳದಂತೆ ಸಂಗ್ರಹಿಸುವ ಕೆಲಸವನ್ನು ಮುಂದಿನ ಬೇಸಗೆಯ ರಜೆಯಲ್ಲಿ ನಮ್ಮ ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಗಳು ಕೈಕೊಳ್ಳಲಿದ್ದಾರೆ. ಅದಕ್ಕಾಗಿ ಸಿದ್ಧಪಡಿಸಿದ ಪ್ರಶ್ನಾವಳಿಯಲ್ಲಿ ಮೊದಲನೆಯ ಪ್ರಶ್ನೆ ನಳಿಗೆಯ ಇಸವಿಯನ್ನು ಕುರಿತುದಲ್ಲ, ತೊಗಲನ್ನು ಕೊನೆಯ ಬಾರಿ ಬದಲಾಯಿಸಿದುದು ಯಾವಾಗ ಎಂಬುದು.